ಬೆನ್ನ ಹಿಂದಿನ ಡಬ್ಬಿ

ಮಡಿಕೇರಿಯ ದೊಡ್ಡಾಸ್ಪತ್ರೆಯ ಗೇಟಿಗೆ ಎದುರು,
ಔಷಧಿ ಅಂಗಡಿಗೂ ಝೆರಾಕ್ಸಿನವನಿಗೂ ನಡುವೆ
ಎಂಟಡಿ ಅಗಲದ ತಗಡಿನ ಮಾಡು.
ಬೋರ್ಡಿಲ್ಲ. ಗೋಡೆಗೆ ಸೀಮೆಸುಣ್ಣದಲ್ಲಿ:
ಊಟ ಹತ್ತು ರೂಪಾಯಿ.
ಎರಚಲಿಗೆ 'ಹತ್ತು' ಅಳಿಸಿಹೋದಾಗಲೆಲ್ಲ
ತಿರುಗಿ ಬರೆಯಲು ಚೋಂದವ್ವ
ಎರಡು ದಿನ ಬೇಕಂತಲೇ ತಡ ಮಾಡುತ್ತಾಳೆ.

ಮೂವತ್ತೊಂದು ವರ್ಷ ಅದೇ ಆಸ್ಪತ್ರೆಯಲ್ಲಿ ಆಯಾ.
ಬೆಡ್‌ಪ್ಯಾನು ಎತ್ತಿದ ಕೈ ಎಂದು
ಮೊದಮೊದಲು ಮೂಗು ಮುರಿದವರಿದ್ದರು.
"ಹೆತ್ತವರದ್ದು ಎತ್ತಿದ್ದೀನಿ, ಹುಟ್ಟಿದವರದ್ದು ಎತ್ತಿದ್ದೀನಿ,
ನಿನ್ನದೂ ಎತ್ತಿರಬೇಕು. ಕೂತು ಉಣ್ಣು."
ಅವಳ ಬಾಯಿ ಅಂಥದು.

ಅವಳ ವಾದ ಇಷ್ಟೆ:
ಒಳಗೆ ಮಲಗಿದವರಿಗೆ ಒಂದು ನಂಬರಿದೆ,
ನಂಬರಿಗೆ ಬ್ರೆಡ್ಡಿದೆ, ಹಾಲಿದೆ.
ಬಾಗಿಲ ಹೊರಗೆ ಚೀಲ ಅಪ್ಪಿ ಕೂತವರಿಗೆ?
ಬಸ್ ಚಾರ್ಜು ಎಣಿಸಿ, ಮಾತ್ರೆಯ ಚೀಟಿ ಎಣಿಸಿ
ಕೊನೆಗೆ ಹೊಟ್ಟೆಯನ್ನೇ ಕಳೆಯುತ್ತಾರೆ ಲೆಕ್ಕದಿಂದ.

ನಾನು ಅವಳ ತಂಗಿಯ ಮಗ, ಸೊಸೈಟಿಯಲ್ಲಿ ಗುಮಾಸ್ತ.
ರಾತ್ರಿ ಎಂಟಕ್ಕೆ ಬಂದು ಡಬ್ಬಿ ಎಣಿಸುವುದು ನನ್ನ ಪಾಲು.
ಬಿಸ್ಕತ್ತಿನ ಹಳೇ ಡಬ್ಬಿ. ಇಟ್ಟಿರುವುದು
ಅವಳು ಬಡಿಸಲು ನಿಲ್ಲುವ ಜಾಗಕ್ಕೆ ಸರಿಯಾಗಿ ಬೆನ್ನ ಹಿಂದೆ.
ಯಾರು ಹಾಕಿದರು,
ಯಾರು ಹಾಕಿದ ಹಾಗೆ ಸದ್ದು ಮಾಡಿದರು,
ಕಾಣುವ ಹಾಗಿಲ್ಲ.
"ಎದುರಿಗೊಂದು ಕನ್ನಡಿ ತೂಗಲಾ?" ಎಂದು ಒಮ್ಮೆ ಕೇಳಿ
ಮೊಣಕೈಗೆ ಸೌಟಿನ ಏಟು ತಿಂದಿದ್ದೇನೆ.
"ಹಾಗಾದರೆ ಪೂರಾ ಬಿಟ್ಟಿಯೇ ಕೊಡು."
"ಬಿಟ್ಟಿ ಅಂದರೆ ಸಾಲಿನಲ್ಲಿ ತಲೆ ತಗ್ಗುತ್ತದೆ ಕುಂಞಿ.
ಹತ್ತು ಅಂದರೆ, ಉಪ್ಪು ಕಮ್ಮಿ ಎಂದು
ಜಗಳಕ್ಕಾದರೂ ಬರುತ್ತಾರೆ."

ಡಬ್ಬಿಯಲ್ಲಿ ಸಿಕ್ಕಿದ್ದುಂಟು: ಸ್ವೆಟರಿನ ಗುಂಡಿ,
ಅರ್ಧ ಹರಿದ ಬಸ್ ಟಿಕೇಟು,
ಒಂದು ಸಲ ಒಂದು ಮುಷ್ಟಿ ಕರಿಮೆಣಸು.
ತಿತಿಮತಿ ಕಡೆಯ ಹಾಡಿಯಿಂದ ಬಂದ ಚಾತನದ್ದಿರಬೇಕು,
ಅವನ ಮಗಳದು ಕಷ್ಟದ ಹೆರಿಗೆ.
ಮೆಣಸನ್ನು ಯಾವ ಕಾಲಮ್ಮಿಗೆ ಬರೆಯಲಿ?
ನಾನು ಪೆನ್ನು ಕಚ್ಚುತ್ತಿರುವಾಗಲೇ ಅವಳು ಕುಟ್ಟಿಬಿಟ್ಟಳು.
ಮರುದಿನದ ಸಾರು ಚಾತನ ತಟ್ಟೆಗೂ ಬಂತು.
ಮೂಸಿದ. ಏನೂ ಅನ್ನಲಿಲ್ಲ.
ಇನ್ನೊಂದು ಸಲ ಹಾಕಿಸಿಕೊಂಡ.

ಲೈನ್‌ಮನೆಯ ಅಸ್ಸಾಮಿ ಹುಡುಗ ರೊಫಿಕುಲ್
ಮಾತು ಬಾರದೆ ಎರಡು ಬೆರಳೆತ್ತಿದ: ಇನ್ನೆರಡು ಸೌಟು.
ಅವಳಿಗೆ ಇಬ್ಬರು ಎಂದು ಕೇಳಿಸಿತು, ಕಟ್ಟಿಕೊಟ್ಟಳು.
ಮೂರನೇ ದಿನ ನಿಜಕ್ಕೂ ಇಬ್ಬರು ಬಂದರು.

ಸುಂಟಿಕೊಪ್ಪದ ಕುಟ್ಟಯ್ಯ, ಇಸ್ತ್ರಿಯ ಕೋಟು,
ಹೆಂಡತಿ ಒಳಗೆ, ಗಾಜಿನ ಆಚೆ.
ದೊಡ್ಡ ಹೋಟೆಲಿನ ಅನ್ನ ಗಂಟಲಿಳಿಯದೆ ಇಲ್ಲಿ ಬಂದು ನಿಂತ.
ಉಂಡು ಐನೂರರ ನೋಟು ಚಾಚಿದ, ನೇರ ಅವಳ ಮುಖಕ್ಕೆ.
"ಚಿಲ್ಲರೆ ಇಲ್ಲ."
"ಚಿಲ್ಲರೆ ಬೇಡ."
"ನನಗೆ ಬೇಕು," ಅಂದಳು. ನೋಟು ಅವನ ಜೇಬಿಗೇ ಹೋಯಿತು.
ಆಮೇಲೆ ಬಹಳ ದಿನ ಅವನ ಸುಳಿವಿಲ್ಲ.
ಮಾದ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದು
ಮಣೆ ಎಳೆದು ಕೂತು, ಯಾರೂ ಹೇಳದೆ,
ಕೈ ತುರಿಸಿ ಕೆಂಪಾಗುವ ತನಕ ಕೆಸುವಿನ ದಂಟು ಸುಲಿದ.
ಅವಳು ಹುಣಸೆಹಣ್ಣು ಕೊಟ್ಟಳು, ಉಜ್ಜಿಕೊ ಎಂದು.
ಸಮಾಧಾನದ ಮಾತೊಂದೂ ಆಡಲಿಲ್ಲ.

ತಿಂಗಳ ಕೊನೆಗೆ ನನ್ನ ಲೆಕ್ಕ ಕೂಡಿದ್ದೇ ಇಲ್ಲ.
ಅವಳ ಪಿಂಚಣಿ ಸಾಬೂನಿನ ಹಾಗೆ, ಕೈಗೆ ಸಿಗುವ ಮೊದಲೇ ಸಣ್ಣಗೆ.
ನಿನ್ನೆ ಡ್ರಮ್ಮಿನ ತಳಕ್ಕೆ ಸೇರು ಬಡಿಯಿತು.
"ಅಕ್ಕಿ ಮುಗೀತು ದೊಡ್ಡವ್ವ."
"ಬಾಯಿ ತೊಳಕೊ. ಅಕ್ಕಿಗೆ ಹಾಗೆ ಅನ್ನಬಾರದು.
ತುಂಬಿದೆ ಅನ್ನು."

ಸರಿ. ಪುಸ್ತಕದಲ್ಲಿ ಬರೆದೆ, ತಾರೀಖು ಹಾಕಿ:
ಅಕ್ಕಿ ತುಂಬಿದೆ. ಬೇಳೆ ತುಂಬಿದೆ.
ಡಬ್ಬಿಯೂ ಸುಮಾರಾಗಿ ತುಂಬಿದೆ.
ಬೆಳಿಗ್ಗೆ ಆರಕ್ಕೆ ಮೂಟೆ ತರಲು ಹೊರಡಬೇಕು,
ಸ್ಕೂಟರಿನ ಟ್ಯಾಂಕು ಅಲ್ಲಾಡಿಸಿ ನೋಡಿದೆ:
ಅದೂ ತುಂಬಿದೆ.